ಮೇಸ್ತ್ರಿಯ ರಸಮಟ್ಟ

ಭಾವಮೈದುನ ಅವತ್ತು ಗಾಡಿ ತಂದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಟೈಲ್ಸ್ ಕೆಲಸದವನು ಇವತ್ತಿಗೂ ಹಾಗೇ ಹೇಳುತ್ತಾನೆ. ಕೇಳುವವರಿದ್ದರೆ ಅವರಿಗೆ ಹೇಳುತ್ತಾನೆ, ಇಲ್ಲದಿದ್ದರೆ ಗೋಡೆಗೆ ಹೇಳುತ್ತಾನೆ. ಹೆಂಡತಿಯ ಆ ತಮ್ಮ ಸ್ವಂತ ಗೂಡ್ಸ್ ಆಟೋ ಇಟ್ಟುಕೊಂಡವನು. "ಮನೆ ಬದಲಾಯಿಸೋ ದಿನ ನೀವು ಸುಮ್ನೆ ಕುರ್ಚಿ ಮೇಲೆ ಕೂತಿರಿ ಭಾವ, ನನ್ನ ಆಳುಗಳು ಬಂದು ಎಲ್ಲಾ ಸಾಗಿಸ್ತಾರೆ" ಎಂದು ಎದೆ ಮುಟ್ಟಿ ಹೇಳಿದ್ದ. ಆ ದಿನ ಬೆಳಿಗ್ಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಯಾರದೋ ಮದುವೆಗೆ ಕುರ್ಚಿ ಸಾಗಿಸಲು ಹೋಗಿದ್ದನಂತೆ, ಅದೂ ಆಮೇಲೆ ಯಾರೋ ಹೇಳಿ ಗೊತ್ತಾದದ್ದು. ಅಂದಿನಿಂದ ಹೆಂಡತಿಯ ತವರಿನಲ್ಲಿ ಊಟಕ್ಕೆ ಕೂತರೆ ಟೈಲ್ಸಿನವನು ಭಾವಮೈದುನನ ಪಕ್ಕ ಕೂರುವುದಿಲ್ಲ. ಎದುರಿಗೂ ಕೂರುವುದಿಲ್ಲ, ಮುಖ ಕಂಡರೆ ಅನ್ನ ಇಳಿಯುವುದಿಲ್ಲ ಎನ್ನುತ್ತಾನೆ.

ಕೇಳಿದವರಿಗೆ ಇದು ಅತಿಯಾಯಿತು ಅನಿಸುತ್ತದೆ. ಒಂದು ದಿನ ಗಾಡಿ ತರಲಿಲ್ಲ ಎಂದು ಇಷ್ಟು ವರ್ಷ ಹಲ್ಲು ಕಡಿಯುವುದುಂಟೆ? ಆದರೆ ಆಳುಗಳು ಬಂದಿದ್ದರೆ ಬೀರುವನ್ನು ಅವರು ಎತ್ತುತ್ತಿದ್ದರು. ಅದರ ಕೆಳಗೆ ಇದ್ದದ್ದನ್ನು ಕಾಲಲ್ಲಿ ಒದ್ದು ಮೂಲೆಗೆ ತಳ್ಳುತ್ತಿದ್ದರು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಅವನ ಸಿಟ್ಟಿನ ಬುಡ ಇರುವುದು ಅಲ್ಲಿ.

ಸಿಟ್ಟು ಅವನಿಗೆ ಹೊಸದಲ್ಲ. ಕಟ್ಟಡದ ಕೆಲಸದ ಗೆಳೆಯರ ನಡುವೆ ಅವನಿಗೆ ಬೆಂಕಿಪೊಟ್ಟಣ ಎಂದೇ ಹೆಸರು. ಟೈಲ್ಸ್ ಒಂದು ಕೂದಲಷ್ಟು ಆಚೆ ಈಚೆ ಆದರೆ ಅದನ್ನು ಕಿತ್ತು ಒಡೆದು ಹಾಕುವವನು, ಮನೆ ಯಜಮಾನ ಬಂದು ತಪ್ಪು ತೋರಿಸಿದರೆ ಕರಣೆ ಎಸೆದು ಹೊರಟೇಬಿಡುವವನು. ಅರ್ಧ ಗಂಟೆಗೆ ಆರಿಹೋಗಿ ತಾನೇ ಎಲ್ಲರಿಗೂ ಟೀ ಹೇಳುವವನೂ ಅವನೇ. ಆದ್ದರಿಂದ ಅವನ ಕೂಗಾಟವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. "ಪೊಟ್ಟಣ ನೆನೆದಿದೆ, ಈಗ ಹತ್ತಿಕೊಳ್ಳಲ್ಲ, ಹೋಗಿ ಮಾತಾಡಿಸು" ಎಂದು ಗುಂಪಿನ ಪೇಂಟರ್ ಬೇರೆಯವರಿಗೆ ಹೇಳುತ್ತಿದ್ದ.

ಒಂದೇ ಒಂದು ಸಲ ಅವನ ಕೂಗಾಟ ಬೇರೆಯವರ ಮನೆ ಸುಟ್ಟಿತ್ತು. ಅದನ್ನು ಮೊದಲು ಹೇಳಿಬಿಡಬೇಕು.

ಅವನ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದ ಗಾರೆ ಮೇಸ್ತ್ರಿಯ ಹತ್ತಿರ ಒಂದು ರಸಮಟ್ಟ ಇತ್ತು. ನೆಲ, ಗೋಡೆ ಸಮ ಇದೆಯೋ ಇಲ್ಲವೋ ನೋಡುವ ಉದ್ದನೆಯ ಮರದ ಪಟ್ಟಿ. ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಕೆಲಸ ಸರಿ, ಓಡಿದರೆ ಕೆಲಸ ಕೆಟ್ಟಿತು. ಈಗ ಎಲ್ಲರ ಹತ್ತಿರ ಇರುವುದು ಅಂಗಡಿಯ ಅಲ್ಯುಮಿನಿಯಂನದು. ಮೇಸ್ತ್ರಿಯದು ಅವನ ಅಪ್ಪನ ಕಾಲದ್ದು, ಎರಡೂ ತುದಿಗೆ ಹಿತ್ತಾಳೆ ಕಟ್ಟು ಹಾಕಿದ್ದು. ಮೇಸ್ತ್ರಿಯೂ ಅವನ ತಮ್ಮನೂ ಕೆಲಸ ಕಲಿತದ್ದು ಅದರ ಮೇಲೆ. ಹಿಡಿದು ಹಿಡಿದು ಆ ಮರ ಒಳ್ಳೆ ಸಾಬೂನಿನ ಹಾಗೆ ನುಣುಪಾಗಿತ್ತು.

ಆ ಗೆಳೆಯರ ಗುಂಪಿನಲ್ಲಿ ಒಂದು ಕಟ್ಟುಪಾಡು. ಸಾಮಾನು ಇಸಕೊಂಡವನು ಅದನ್ನು ಎಲ್ಲೋ ಇಟ್ಟು ಹೋಗುವ ಹಾಗಿಲ್ಲ, ಕೈಯಿಂದ ಕೈಗೆ ಕೊಡಬೇಕು. ತೆಗೆದುಕೊಂಡವನು "ಬಂತು" ಅನ್ನಬೇಕು. "ಬಂತು" ಎಂದ ಮೇಲೆ ಮುಗಿಯಿತು, ಆಮೇಲೆ ಕಳೆದರೆ ಅವನ ಪಾಡು.

ಬೆಂಕಿಪೊಟ್ಟಣ ಒಂದು ಭಾನುವಾರ ಮೇಸ್ತ್ರಿಯ ಹತ್ತಿರ ರಸಮಟ್ಟವನ್ನೂ, ಗೋಡೆ ನೆಟ್ಟಗಿದೆಯೇ ಎಂದು ದಾರಕ್ಕೆ ಕಟ್ಟಿ ನೋಡುವ ತೂಗುಗುಂಡನ್ನೂ ಇಸಕೊಂಡು ಮನೆಗೆ ತಂದ. ಅವನ ಬಾಡಿಗೆ ಮನೆಯ ನೆಲ ಗೋಡೆಯ ಕಡೆಗೆ ಇಳಿಜಾರು. ಊರವರ ಮನೆಗೆಲ್ಲ ಕನ್ನಡಿಯಂಥ ನೆಲ ಹಾಕುವವನ ಮನೆಯಲ್ಲಿ ಬೀರು ಹಿಂದಕ್ಕೆ ವಾಲಿ ನಿಂತಿತ್ತು. ಬಾಗಿಲು ತೆರೆದರೆ ತಾನಾಗಿ ಮುಚ್ಚಿಕೊಂಡು ಹೆಂಡತಿಯ ಬೆರಳಿಗೆ ಬಡಿಯುತ್ತಿತ್ತು. "ನನ್ನ ಬೆರಳು ಹೋದ ಮೇಲೆ ಸರಿ ಮಾಡಿ" ಎಂದು ಅವಳು ದಿನಾ ರಾಗ ತೆಗೆಯುತ್ತಿದ್ದಳು. ಅವನು ಅಳತೆ ನೋಡಿದ. ಹಿಂಗಾಲಿನ ಕೆಳಗೆ ಕೊಡಲು ಒಂದು ಪಟ್ಟಿ ಬೇಕಿತ್ತು, ಕೈಗೆ ಏನೂ ಸಿಗಲಿಲ್ಲ. ನಾಳೆ ಮರದ ತುಂಡು ತಂದರಾಯಿತು, ಅಲ್ಲಿಯವರೆಗೆ ಇರಲಿ ಎಂದು ರಸಮಟ್ಟವನ್ನೇ ಅಡ್ಡ ಮಲಗಿಸಿ ಎರಡು ಹಿಂಗಾಲನ್ನೂ ಅದರ ಮೇಲೆ ಕೂರಿಸಿದ. ಬೀರು ನೆಟ್ಟಗೆ ನಿಂತಿತು. ಹೆಂಡತಿ ಬಾಗಿಲು ತೆರೆದು ಮುಚ್ಚಿ ನೋಡಿ ನಕ್ಕಳು. ಅವತ್ತು ಸಂಜೆಯೇ ಬೇರೆ ಊರಿನ ಕೆಲಸಕ್ಕೆ ಕರೆ ಬಂತು. ಹೋಗುವ ದಾರಿಯಲ್ಲಿ ಮೇಸ್ತ್ರಿಗೆ ತೂಗುಗುಂಡು ಕೊಟ್ಟ. ಮೇಸ್ತ್ರಿ "ಬಂತು" ಎಂದ.

ಆ "ಬಂತು" ಒಂದೇ ಅವನ ತಲೆಯಲ್ಲಿ ಉಳಿಯಿತು. ತಿಂಗಳು ಕಳೆದು ವಾಪಸು ಬಂದಾಗ ಮೇಸ್ತ್ರಿ ರಸಮಟ್ಟ ಕೇಳಿದ. ಟೀ ಅಂಗಡಿಯ ಮುಂದೆ, ಎಲ್ಲರೂ ನಿಂತಿದ್ದಾಗ ಕೇಳಿದ.

"ಕೊಟ್ಟಿದ್ದೀನಲ್ಲ. ನೀನೇ ಬಂತು ಅಂದೆ."

"ನಾನು ಬಂತು ಅಂದಿದ್ದು ತೂಗುಗುಂಡಿಗೆ ಕಣೋ."

"ಎರಡಕ್ಕೂ ಅಂದಿದ್ದೀಯ. ಈಗ ನನ್ನ ಕಳ್ಳ ಮಾಡ್ತೀಯಾ?"

ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ಕಡ್ಡಿ ಗೀರಿಯಾಗಿತ್ತು, ಇನ್ನು ಆರಿಸುವವರು ಯಾರು. "ನಿನ್ನ ಮರದ ತುಂಡು ಇಟ್ಕೊಂಡು ನಾನೇನು ಅರಮನೆ ಕಟ್ತೀನಾ? ಮನೆಯವರನ್ನ ವಿಚಾರಿಸು ಮೊದಲು. ನಿನ್ನ ತಮ್ಮ ಹಳೇ ಸಾಮಾನಿನ ಅಂಗಡಿ ಮುಂದೆ ನಿಂತಿದ್ದನ್ನ ನನ್ನ ಕಣ್ಣಾರೆ ನೋಡಿದ್ದೀನಿ" ಎಂದುಬಿಟ್ಟ. ನೋಡಿದ್ದು ಸುಳ್ಳಲ್ಲ. ಅಲ್ಲಿ ಆ ತಮ್ಮ ತನ್ನ ಸೈಕಲ್ಲಿಗೆ ಹಳೆ ಗಂಟೆ ಹುಡುಕುತ್ತಿದ್ದ, ಅದೂ ಅವನಿಗೆ ಗೊತ್ತಿತ್ತು. ಆ ಅರ್ಧವನ್ನು ಬಾಯಿ ನುಂಗಿತು.

ತಮ್ಮ ಅಲ್ಲೇ ಟೀ ಲೋಟ ಹಿಡಿದು ನಿಂತಿದ್ದ. ಮೇಸ್ತ್ರಿ ತಿರುಗಿ ಅವನ ಕೆನ್ನೆಗೆ ಒಂದು ಬಿಟ್ಟ. ಮದುವೆಯಾದ ಗಂಡಸು, ಮಗುವಿನ ತಂದೆ, ಎಲ್ಲರ ಮುಂದೆ ಏಟು ತಿಂದ. ತಮ್ಮ ಲೋಟವನ್ನು ಚೆಲ್ಲದ ಹಾಗೆ ಬೆಂಚಿನ ಮೇಲಿಟ್ಟ. "ನಾನು ತಗೊಂಡಿಲ್ಲ ಅಣ್ಣ" ಎಂದ. ಅದೂ ಜೋರಾಗಿ ಅಲ್ಲ. ಹೋದವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಹೆಂಡತಿ ಮಗುವನ್ನು ಕಟ್ಟಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಿ ಪಂಕ್ಚರ್ ಅಂಗಡಿ ಇಟ್ಟ. ಅಣ್ಣನ ಮನೆ ಮೆಟ್ಟಿಲು ತುಳಿಯಲಿಲ್ಲ.

ವಾರದ ಮೇಲೆ ಮೇಸ್ತ್ರಿ ಬೆಂಕಿಪೊಟ್ಟಣದ ಮನೆಗೆ ಬಂದ. "ತಪ್ಪಾಯ್ತು ಕಣೋ. ಮನೆಯಲ್ಲಿ ಕಳ್ಳನ್ನ ಇಟ್ಕೊಂಡು ನಿನ್ನ ಮೇಲೆ ಅನುಮಾನ ಪಟ್ಟೆ" ಎಂದ. ಇವನು ದೊಡ್ಡ ಮನುಷ್ಯನ ಹಾಗೆ ಅವನ ಹೆಗಲು ತಟ್ಟಿ, ಹೋಗ್ಲಿ ಬಿಡು, ಒಡಹುಟ್ಟಿದವರನ್ನ ಏನು ಮಾಡೋಕಾಗುತ್ತೆ ಎಂದು ಟೀ ಕುಡಿಸಿ ಕಳಿಸಿದ. ಬೀರು ಅಲ್ಲೇ ಅವರ ಬೆನ್ನ ಹಿಂದೆ ನಿಂತಿತ್ತು.

ಆಮೇಲೆ ಯಾವಾಗಲೋ, ಬೀರುವಿನಿಂದ ಅಂಗಿ ತೆಗೆಯುವಾಗ, ಬಾಗಿಲು ಯಾಕೆ ಈಗ ಬಡಿಯುವುದಿಲ್ಲ ಎಂಬ ಯೋಚನೆ ಅವನ ಮನಸ್ಸಿನ ಬಾಗಿಲಿಗೆ ಬಂದು ನಿಂತದ್ದುಂಟು. ಬಗ್ಗಿ ನೋಡಿದ್ದರೆ ಸಾಕಿತ್ತು. ಬಗ್ಗಲಿಲ್ಲ. ಅಂಗಿ ಹಾಕಿಕೊಂಡು ಕೆಲಸಕ್ಕೆ ಹೋದ.

ಹೀಗೆ ನಾಲ್ಕಾರು ವರ್ಷ ಕಳೆದ ಮೇಲೆ ಮನೆ ಬದಲಾಯಿಸುವ ದಿನ ಬಂತು. ಭಾವಮೈದುನ ಕೈಕೊಟ್ಟ. ಸಾಮಾನೆಲ್ಲ ಕಟ್ಟಿಟ್ಟು, ಮನೆ ಮಾಲೀಕ ಬೀಗ ಹಿಡಿದು ಕೆಳಗೆ ಕಾಯುತ್ತಿದ್ದಾಗ ಬೇರೆ ದಾರಿ ಕಾಣದೆ ಬೆಂಕಿಪೊಟ್ಟಣ ಪೇಂಟರಿಗೆ ಫೋನ್ ಮಾಡಿದ. ಪೇಂಟರ್ ತನ್ನ ಏಣಿ ಬಕೆಟ್ಟುಗಳನ್ನು ಸಾಗಿಸುವ ಸಣ್ಣ ಗಾಡಿ ತಂದ, ಜೊತೆಗೆ ಕರೆಯದಿದ್ದರೂ ಮೇಸ್ತ್ರಿಯನ್ನೂ ಕೂರಿಸಿಕೊಂಡು ಬಂದ.

"ನನಗೆ ಯಾಕೆ ಹೇಳಲಿಲ್ಲ?" ಎಂದ ಮೇಸ್ತ್ರಿ ಚಪ್ಪಲಿ ಬಿಡುತ್ತಾ. "ನನ್ನ ತೋಳು ಸೋತಿಲ್ಲ ಇನ್ನೂ."

"ಅವನಿಗೆ ಭಾವಮೈದುನ ಇದ್ದಾನಲ್ಲಪ್ಪ, ನಾವೆಲ್ಲ ಯಾವ ಲೆಕ್ಕ" ಎಂದ ಪೇಂಟರ್.

"ಅವನ ಹೆಸರು ಎತ್ತಬೇಡ" ಎಂದ ಬೆಂಕಿಪೊಟ್ಟಣ.

"ಎತ್ತಲ್ಲ. ಎತ್ತೋಕೆ ನಿನ್ನ ಸಾಮಾನೇ ಬೇಕಾದಷ್ಟಿದೆ."

ಕೆಲಸ ನಗುನಗುತ್ತಲೇ ಶುರುವಾಯಿತು. ಹೆಂಡತಿ ಕೂಡಿಟ್ಟ ಖಾಲಿ ಡಬ್ಬಿಗಳನ್ನು ಕಂಡು ಪೇಂಟರ್ ಸೊಂಟಕ್ಕೆ ಕೈ ಕೊಟ್ಟು ನಿಂತ. "ಅತ್ತಿಗೆ, ಇವಕ್ಕೆ ಅಂತಲೇ ಇನ್ನೊಂದು ಮನೆ ಹಿಡೀಬೇಕು."

"ನಿಮ್ಮ ಮನೆಯಾಕೆ ಹತ್ತಿರ ಇದಕ್ಕಿಂತ ಜಾಸ್ತಿ ಇದೆ, ಹೋಗಿ ಅಟ್ಟ ಹತ್ತಿ ನೋಡಿ."

"ನಮ್ಮ ಅಟ್ಟಕ್ಕೆ ನನಗೇ ಪ್ರವೇಶ ಇಲ್ಲ."

ನೆಲದ ಮೇಲೆ ಎದ್ದು ಕುಣಿಯುತ್ತಿದ್ದ ಟೈಲ್ಸೊಂದನ್ನು ಮೇಸ್ತ್ರಿ ಕಾಲಲ್ಲಿ ಒತ್ತಿ ನೋಡಿ, "ಇದನ್ನ ಹಾಕಿದವನು ಯಾವ ಪುಣ್ಯಾತ್ಮ" ಎಂದ. "ನಾನಲ್ಲ" ಎಂದ ಬೆಂಕಿಪೊಟ್ಟಣ. ಎಲ್ಲರೂ ನಕ್ಕರು. ಮಂಚ ಇಳಿಯಿತು, ಒಲೆ ಇಳಿಯಿತು, ಪಾತ್ರೆಯ ಚೀಲಗಳು ಇಳಿದವು. ಕೊನೆಗೆ ಬೀರು ಉಳಿಯಿತು. ಪೇಂಟರ್ ಕೆಳಗೆ ಗಾಡಿಯಲ್ಲಿ ಜಾಗ ಮಾಡುತ್ತಿದ್ದ.

"ನಾನು ಗೋಡೆ ಕಡೆ ಹಿಡೀತೀನಿ, ನೀನು ಮುಂದೆ ಹಿಡಿ" ಎಂದು ಮೇಸ್ತ್ರಿ ಬೀರುವಿನ ಸಂದಿಗೆ ತೋಳು ತೂರಿಸಿದ. ಆಗ, ಆ ಗಳಿಗೆಯಲ್ಲಿ, ಬೆಂಕಿಪೊಟ್ಟಣಕ್ಕೆ ನೆನಪಾಯಿತು. ಇಷ್ಟು ವರ್ಷ ಮನಸ್ಸಿನ ಬಾಗಿಲಲ್ಲಿ ನಿಂತಿದ್ದದ್ದು ಒಳಗೇ ಬಂದು ಕೂತಿತು. "ತಡಿ, ನಾನೇ ಆ ಕಡೆ ಬರ್ತೀನಿ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಮೇಸ್ತ್ರಿ ಎತ್ತಿಯಾಗಿತ್ತು. ಬೀರು ಮುಂದಕ್ಕೆ ಬಂತು. ಹಿಂಗಾಲು ಜಾರಿ, ಮರದ ಪಟ್ಟಿ ನೆಲದ ಮೇಲೆ ಸದ್ದು ಮಾಡಿ ಉರುಳಿತು. ಹಿತ್ತಾಳೆಯ ಕಟ್ಟಿಗೆ ಧೂಳು ಹತ್ತಿತ್ತು. ಮೇಲೆ ಬೀರುವಿನ ಕಾಲಿನ ಎರಡು ಗುರುತು ಆಳವಾಗಿ ಬಿದ್ದಿದ್ದವು.

ಮೇಸ್ತ್ರಿ ಬಗ್ಗಿ ನೋಡಿದ. ಇಬ್ಬರ ಕೈಯಲ್ಲೂ ಬೀರುವಿನ ಭಾರ. ಇಳಿಸುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹೇಳಿದಳು, "ಆ ಪಟ್ಟಿ ಬಿಡಬೇಡಿ ಅಣ್ಣ, ಅದಿಲ್ಲದಿದ್ರೆ ಬೀರು ಬಾಗಿಲು ನನ್ನ ಬೆರಳು ತೆಗೆಯುತ್ತೆ. ಇವ್ರೇ ಇಟ್ಟಿದ್ದು. ಮನೆಗೆ ಮಾಡಿದ ಕೆಲಸ ಅದೊಂದೇ."

ಅವಳಿಗೆ ಅದು ಏನೆಂದು ಗೊತ್ತಿರಲಿಲ್ಲ. ಟೀ ಅಂಗಡಿಯ ಜಗಳವನ್ನು ಅವನು ಮನೆಯಲ್ಲಿ ಹೇಳುವಾಗ, ಮೇಸ್ತ್ರಿಯ ಸಾಮಾನು ಕಳೆದುಹೋಯಿತು, ನನ್ನ ಮೇಲೆ ಹಾಕಿದರು ಎಂದಷ್ಟೇ ಹೇಳಿದ್ದ.

ಮೇಸ್ತ್ರಿ ಈಗ ಕೂಗುತ್ತಾನೆ ಎಂದು ಬೆಂಕಿಪೊಟ್ಟಣ ಕಾದ. ಕೂಗಿದರೆ ತಾನೂ ಕೂಗಬಹುದು, ಜಗಳ ಅವನಿಗೆ ಗೊತ್ತಿದ್ದ ದಾರಿ. ಮೇಸ್ತ್ರಿ ಹೇಳಿದ್ದು ಇಷ್ಟೇ.

"ಹೆಜ್ಜೆ ನೋಡಿ ಇಡು. ಹೊಸಿಲಿದೆ."

ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ನಡುವೆ ಕಬ್ಬಿಣದ ಗೋಡೆಯಂತೆ ಅದು, ಈ ಕಡೆ ಇವನು, ಆ ಕಡೆ ಅವನು. ಅಂಚನ್ನು ಹಿಡಿದ ಮೇಸ್ತ್ರಿಯ ಬೆರಳುಗಳು ಮಾತ್ರ ಇವನಿಗೆ ಕಾಣುತ್ತಿದ್ದವು. ಸಿಮೆಂಟು ತಿಂದು ಬಿರುಕು ಬಿಟ್ಟ ಉಗುರು. ಅದೇ ಕೈ ತಮ್ಮನ ಕೆನ್ನೆಗೆ ಎದ್ದದ್ದು.

"ಲೋ, ನನಗೆ..." ಎಂದು ಶುರು ಮಾಡಿದ.

"ನಿನ್ನ ಕಡೆ ಸ್ವಲ್ಪ ಮೇಲೆತ್ತು. ಇನ್ನೂ. ಹ್ಞಾ, ಈಗ ಬಾ."

ಗಾಡಿಗೆ ಬೀರು ಏರಿತು. ಹಿಂದೆಯೇ ಹೆಂಡತಿ ಬಂದು, ಪೊರಕೆ, ಬಕೆಟ್ಟಿನ ಜೊತೆ ಆ ಪಟ್ಟಿಯನ್ನೂ ಮೇಸ್ತ್ರಿಯ ಕೈಗೆ ಕೊಟ್ಟಳು. ಕೈಯಿಂದ ಕೈಗೆ ಬಂದಿತ್ತು. ಮೇಸ್ತ್ರಿ "ಬಂತು" ಎನ್ನಲಿಲ್ಲ. ಲುಂಗಿಯ ತುದಿಯಿಂದ ಗಾಜಿನ ಕೊಳವೆಯ ಧೂಳು ಒರೆಸಿದ. ಪೇಂಟರ್ ನೋಡಿ, "ಅರೆ, ಇದು..." ಎಂದವನು ಇವನ ಮುಖ ನೋಡಿ, ಅವನ ಮುಖ ನೋಡಿ, ಹೋಗಿ ಗಾಡಿ ಶುರು ಮಾಡಿದ.

ಹೆಂಡತಿ ಮುಂದೆ ಕೂತಳು. ಹಿಂದೆ ಸಾಮಾನಿನ ನಡುವೆ ಇವರಿಬ್ಬರು. ಊರಿನ ಈ ತುದಿಯಿಂದ ಆ ತುದಿಯವರೆಗೆ ಬೀರು ಅಲುಗಾಡದಂತೆ ಇಬ್ಬರೂ ಒಂದೊಂದು ಕೈ ಕೊಟ್ಟು ಹಿಡಿದಿದ್ದರು. ರಸಮಟ್ಟ ಮೇಸ್ತ್ರಿಯ ತೊಡೆಯ ಮೇಲಿತ್ತು. ಹಳ್ಳ ಬಂದಾಗಲೆಲ್ಲ ಗುಳ್ಳೆ ಓಡುವುದನ್ನು ಬೆಂಕಿಪೊಟ್ಟಣ ನೋಡುತ್ತಾ ಕೂತ. ಬೇರೆ ಎಲ್ಲಿ ನೋಡಲೂ ಅವನಿಗೆ ಧೈರ್ಯವಿರಲಿಲ್ಲ.

ಹೊಸ ಮನೆಯ ಬೀದಿಗೆ ತಿರುಗುವ ಮೂಲೆಯಲ್ಲಿ ಒಂದು ಪಂಕ್ಚರ್ ಅಂಗಡಿ. ಒಬ್ಬ ಕುಕ್ಕರುಗಾಲಲ್ಲಿ ಕೂತು ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ನೋಡುತ್ತಿದ್ದ. ತಲೆಗೂದಲು ಸ್ವಲ್ಪ ಬೆಳ್ಳಗಾಗಿತ್ತು. ಗಾಡಿ ತಿರುವು ದಾಟುವವರೆಗೂ ಮೇಸ್ತ್ರಿ ಕತ್ತು ತಿರುಗಿಸಿ ಅವನನ್ನೇ ನೋಡಿದ. ಹೊಸ ಮನೆ ಹುಡುಕಿಕೊಟ್ಟವನು ದಲ್ಲಾಳಿ. ಈ ಮೂಲೆಯ ವಿಷಯ ಬೆಂಕಿಪೊಟ್ಟಣಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಬೀದಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಹೊಸ ಮನೆಯಲ್ಲಿ ಮೇಸ್ತ್ರಿ ಅರ್ಧ ಕೆಲಸ ಬಿಟ್ಟು ಹೋಗಲಿಲ್ಲ. ಬೀರುವನ್ನು ಗೋಡೆಗೆ ನಿಲ್ಲಿಸಿ, ಅದರ ಮೇಲೆ ರಸಮಟ್ಟ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿದ. ಇಲ್ಲಿನ ನೆಲವೂ ಸ್ವಲ್ಪ ವಾರೆ.

"ಟೈಲ್ಸ್ ಕೆಲಸದವನ ಮನೆ. ಒಂದು ಚೂರು ಟೈಲ್ಸ್ ಇಲ್ವಾ?" ಎಂದ.

ಬೆಂಕಿಪೊಟ್ಟಣ ಚೀಲ ಹುಡುಕಿ ಒಡೆದ ಚೂರುಗಳನ್ನು ತಂದುಕೊಟ್ಟ. ಮೇಸ್ತ್ರಿ ಬೀರುವಿನ ಕಾಲಿನ ಕೆಳಗೆ ಒಂದೊಂದೇ ಕೊಟ್ಟು ತಟ್ಟಿದ. ಗುಳ್ಳೆ ಹೊರಳಿ ಬಂದು ನಡುವೆ ನಿಂತಿತು. ಹೆಂಡತಿ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಿದ್ದಳು.

"ನನಗೆ ನೆನಪೇ ಇರಲಿಲ್ಲ ಕಣೋ" ಎಂದ ಬೆಂಕಿಪೊಟ್ಟಣ, ಗೋಡೆ ನೋಡುತ್ತಾ.

"ಇರಬಹುದು."

"ನಿಜವಾಗ್ಲೂ."

"ಇರಬಹುದು ಅಂದೆನಲ್ಲ." ಮೇಸ್ತ್ರಿ ಮೊಣಕಾಲು ಊರಿ ಎದ್ದ. "ಹೊಡೆದವನು ನಾನು. ಅದನ್ನ ನಾನು ನೋಡ್ಕೊಳ್ತೀನಿ. ನೀನು ಆಡಿದ ಮಾತು ಇದೆಯಲ್ಲ, ಅದು ನಿಂದು."

ರಸಮಟ್ಟವನ್ನು ಇವನ ಮುಂದೆ ಹಿಡಿದ.

"ನಿಂದು ಅದು, ತಗೊಂಡು ಹೋಗು" ಎಂದ ಬೆಂಕಿಪೊಟ್ಟಣ.

"ನಮ್ಮಪ್ಪಂದು. ತಮ್ಮನಿಗೂ ಅಷ್ಟೇ ಸೇರಿದ್ದು. ಮೂಲೆಯಲ್ಲೇ ಇದ್ದಾನೆ, ನೋಡಿದೆಯಲ್ಲ. ನೀನೇ ಹೋಗಿ ಅವನ ಕೈಗೆ ಕೊಡು. ಅವನು ಬಂತು ಅನ್ನಲಿ. ಆಮೇಲೆ ನಾನೂ ಅಂತೀನಿ."

ಹೆಂಡತಿ ಟೀ ತಂದಳು. ಮೇಸ್ತ್ರಿ ಕುಡಿದೇ ಹೋದ, ಲೋಟವನ್ನು ತಾನೇ ತೊಳೆದಿಟ್ಟ. ಕುಡಿಯದೆ ಹೋಗಿದ್ದರೆ ಬೆಂಕಿಪೊಟ್ಟಣಕ್ಕೆ ಸಿಟ್ಟಾಗಲಾದರೂ ಒಂದು ದಾರಿ ಇರುತ್ತಿತ್ತು.

ಮೇಸ್ತ್ರಿ ತಾನು ಹೇಳಿದಂತೆ ಮಾಡಿದ. ಮಾರನೆಯ ವಾರವೇ ಪಂಕ್ಚರ್ ಅಂಗಡಿಗೆ ಹೋಗಿ ಟೈರುಗಳ ನಡುವೆ ನಿಂತು ತಮ್ಮನ ಕೈ ಹಿಡಿದುಕೊಂಡನಂತೆ. ಸಾಮಾನು ಸಿಕ್ಕಿತು, ತಪ್ಪು ನನ್ನದು ಎಂದನಂತೆ. ಎಲ್ಲಿ ಸಿಕ್ಕಿತು ಎಂದು ಅಣ್ಣನೂ ಹೇಳಲಿಲ್ಲ, ತಮ್ಮನೂ ಕೇಳಲಿಲ್ಲ. ಇದೆಲ್ಲ ಪೇಂಟರ್ ತಂದ ಸುದ್ದಿ. "ಅಣ್ಣತಮ್ಮಂದಿರು ಒಂದಾದರು ಕಣೋ. ಇನ್ನು ನಿಂದೊಂದು ಬಾಕಿ" ಎಂದು ಪೇಂಟರ್ ಹೇಳಿದಾಗ, "ನಿನ್ನ ಕೆಲಸ ನೀನು ನೋಡ್ಕೋ" ಎಂದು ಬೆಂಕಿಪೊಟ್ಟಣ ಹಾಯ್ದ. ಪೇಂಟರ್ ನಗಲಿಲ್ಲ. ಪೊಟ್ಟಣ ನೆನೆದಿದೆ ಎಂದೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಬೆಂಕಿಪೊಟ್ಟಣ ರಸಮಟ್ಟವನ್ನು ಹಳೆ ಪಂಚೆಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ ಹೊರಟ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸಿದ. ಏನು ದೊಡ್ಡ ಮಾತು. ನೀನು ತಗೊಂಡಿರಲಿಲ್ಲ, ನನ್ನ ಮನೆಯಲ್ಲಿತ್ತು, ತಪ್ಪಾಯ್ತು. ಯಾರ ಮೇಲೆ ಬೇಕಾದರೂ ಕೂಗಲು ಗೊತ್ತಿದ್ದ ಬಾಯಿಗೆ ಇಷ್ಟು ಹೇಳಲು ಏನು ಕಷ್ಟ.

"ಬನ್ನಿ ಅಣ್ಣ" ಎಂದ ಮೇಸ್ತ್ರಿಯ ತಮ್ಮ, ತೊಟ್ಟಿಯ ಮುಂದಿಂದ ತಲೆಯೆತ್ತಿ. ದನಿಯಲ್ಲಿ ಏನೂ ಇರಲಿಲ್ಲ, ವಿಷವೂ ಇಲ್ಲ, ಮುಳ್ಳೂ ಇಲ್ಲ. "ಗಾಳಿ ಹೋಯ್ತಾ?"

"ಹೂಂ" ಎಂದಿತು ಬೆಂಕಿಪೊಟ್ಟಣದ ಬಾಯಿ. "ಹಿಂದಿನ ಚಕ್ರ. ನಿಧಾನಕ್ಕೆ ಇಳಿಯುತ್ತೆ."

ಗಾಳಿ ಹೋಗಿರಲಿಲ್ಲ. ತಮ್ಮ ಚಕ್ರ ಒತ್ತಿ ನೋಡಿದ, ಕಲ್ಲಿನ ಹಾಗಿತ್ತು. ಆದರೂ ಟೈರು ಬಿಚ್ಚಿ, ಟ್ಯೂಬು ತೆಗೆದು, ಗಾಳಿ ಹಾಕಿ, ನೀರಲ್ಲಿ ಅದ್ದಿ, ಒಂದು ಸುತ್ತು ತಿರುಗಿಸಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

"ತೂತೇ ಇಲ್ವಲ್ಲ ಅಣ್ಣ."

"ಇಲ್ವಾ? ಸರಿಯಾಗಿ ನೋಡು."

"ನೋಡಿದೆ." ಅವನು ಟ್ಯೂಬು ಒರೆಸಿ ಮತ್ತೆ ಹಾಕಿದ. ಕೈ ಒರೆಸಿಕೊಳ್ಳುವಾಗ ಕಣ್ಣು ಸೈಕಲ್ಲಿಗೆ ಕಟ್ಟಿದ ಉದ್ದನೆಯ ಗಂಟಿನ ಮೇಲೆ ಹೋಯಿತು. ಪಂಚೆಯ ಒಂದು ತುದಿ ಸರಿದು ಹಿತ್ತಾಳೆ ಸ್ವಲ್ಪ ಕಾಣುತ್ತಿತ್ತು. ಅದರ ಮೇಲೆ ಕೆಲಸ ಕಲಿತವನಿಗೆ ಅಷ್ಟು ಸಾಕು. ಅವನು ನೋಡಿದ, ನಿಧಾನವಾಗಿ ನೋಡಿದ, ಆಮೇಲೆ ಇವನ ಮುಖ ನೋಡಿದ.

"ಬೇರೆ ಏನಾದ್ರೂ ಇತ್ತಾ ಅಣ್ಣ?"

ಅದಕ್ಕಿಂತ ಹೆಚ್ಚು ಬಾಗಿಲು ತೆರೆದಿಡುವುದು ಯಾರಿಗೂ ಸಾಧ್ಯವಿಲ್ಲ. ರಸ್ತೆಯಲ್ಲಿ ಯಾರೋ ಹೋಗುತ್ತಿದ್ದರು, ಅವರು ಹೋಗಲಿ ಎಂದು ಬೆಂಕಿಪೊಟ್ಟಣ ಕಾದ. ಹೋದರು.

"ಏನಿಲ್ಲ" ಎಂದ.

"ಸರಿ ಅಣ್ಣ." ಕೊಡಲು ಹೋದ ದುಡ್ಡನ್ನೂ ಅವನು ಮುಟ್ಟಲಿಲ್ಲ. "ತೂತಿಲ್ಲದ್ದಕ್ಕೆ ಏನು ತಗೊಳ್ಳಲಿ. ಇರಲಿ ಬಿಡಿ."

ಆಮೇಲೆ ಬೆಂಕಿಪೊಟ್ಟಣ ಆ ಮೂಲೆ ಬಿಟ್ಟು ಹಿಂದಿನ ಗಲ್ಲಿಯಿಂದ ಓಡಾಡತೊಡಗಿದ. ಅದು ಸುತ್ತು, ಚರಂಡಿಯ ವಾಸನೆ ಬೇರೆ. ಯಾಕೆ ಎಂದು ಕೇಳಿದ ಹೆಂಡತಿಗೆ, ಈ ಕಡೆ ನೆರಳಿದೆ ಎಂದ. ನಾಳೆ ಹೋದರಾಯಿತು ಎಂದುಕೊಂಡೇ ದಿನ ತಳ್ಳಿದ. ಮೇಸ್ತ್ರಿ ಕೆಲಸದಲ್ಲಿ ಮೊದಲಿನಂತೆಯೇ ಮಾತಾಡಿಸುತ್ತಿದ್ದ, ಸಿಮೆಂಟು ಎಷ್ಟು, ಮರಳು ಎಷ್ಟು ಎಂದು. ಆದರೆ ಸಾಮಾನು ಕೊಟ್ಟುಕೊಳ್ಳುವಾಗ ಇವನ ಕೈಯಿಂದ ತೆಗೆದುಕೊಂಡು ಸುಮ್ಮನಾಗುತ್ತಿದ್ದ. ಬೇರೆ ಎಲ್ಲರಿಗೂ "ಬಂತು" ಎನ್ನುವವನು ಇವನಿಗೆ ಮಾತ್ರ ಎನ್ನುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಪೇಂಟರ್ ಒಂದು ದಿನ ಏಣಿಯ ಮೇಲಿಂದಲೇ ಹೇಳಿದ, ಮೇಸ್ತ್ರಿಯ ತಮ್ಮ ಅಂಗಡಿ ಮುಚ್ಚಿ ಹೆಂಡತಿಯ ಅಣ್ಣನ ಜೊತೆ ದೂರದ ಊರಿಗೆ ಹೋದ, ಅಲ್ಲಿ ಒಳ್ಳೆ ಕೆಲಸವಂತೆ. ಬೆಂಕಿಪೊಟ್ಟಣ ಟೈಲ್ಸಿನ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ. ತುಂಬುತ್ತಲೇ ಹೋದ. ಸಂಜೆ ಮನೆಗೆ ಹೋಗುವಾಗ ಆ ಮೂಲೆಯಿಂದಲೇ ಹೋದ. ತೊಟ್ಟಿ ಬೋರಲಾಗಿ ಬಿದ್ದಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಭಾವಮೈದುನನನ್ನು ಬೈದ. ಗಾಡಿ ತರುತ್ತೇನೆ ಎಂದು ತರದವನು ಮನುಷ್ಯನೇ ಅಲ್ಲ ಎಂದ. ಹೆಂಡತಿ ಕೇಳಿಸಿಕೊಂಡು ಅವನ ತಟ್ಟೆಗೆ ಅನ್ನ ಬಡಿಸಿದಳು. ಈ ಮನೆಯಲ್ಲಿ ಬೀರುವಿನ ಬಾಗಿಲು ಬಡಿಯುವುದಿಲ್ಲ. ರಸಮಟ್ಟ ಪಂಚೆಯಲ್ಲಿ ಸುತ್ತಿಕೊಂಡು ಬಾಗಿಲ ಹಿಂದೆ ನಿಂತಿದೆ. ಕಸ ಗುಡಿಸುವಾಗ ಅವಳಿಗೆ ಅದು ಅಡ್ಡ ಬರುತ್ತದೆ.

"ಈ ಪಟ್ಟಿ ಈಗ ಯಾಕ್ರೀ? ಅಟ್ಟಕ್ಕೆ ಹಾಕ್ಲಾ, ಇಲ್ಲ ಯಾರಿಗಾದ್ರೂ ಕೊಟ್ಟುಬಿಡ್ಲಾ?" ಎಂದು ಆಗಾಗ ಕೇಳುತ್ತಾಳೆ.

"ಮುಟ್ಟಬೇಡ" ಎನ್ನುತ್ತಾನೆ. "ಅದು ನಮ್ಮದಲ್ಲ."